ಒಂದು ಸ್ಕ್ರೂ, ಕಾಲು ಸುತ್ತು

ಕಳೆದ ತಿಂಗಳು ಒಂದು ಭಾನುವಾರ, ಪೋರೂರಿನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನನ್ನ ಆರು ವರ್ಷದ ಮಗಳು ಪಕ್ಕದ ಮನೆಯವರು ಕೊಟ್ಟ ಕೆಂಪು ನೇಲ್ ಪಾಲಿಶನ್ನು ಉಗುರಿಗಿಂತ ಹೆಚ್ಚಾಗಿ ನೆಲಕ್ಕೆ ಬಳಿಯುತ್ತಾ ಕೂತಿದ್ದಳು. ಗದರಿಸಲು ಹೋದವಳು ಆ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟೆ. ಯಾಕೆ ಅಳುತ್ತಿದ್ದೀಯ ಎಂದು ಮಗಳು ತಮಿಳಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಕಣ್ಣಿಗೆ ಧೂಳು ಬಿತ್ತು ಕಣೇ ಎಂದೆ. ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸಲೀಸು.

ಆ ವಾಸನೆಗೆ ಬೇರೆಯವರಿಗೆ ಮದುವೆಮನೆಯೋ ಕಾಲೇಜಿನ ಹಾಸ್ಟೆಲ್ಲೋ ನೆನಪಾಗಬಹುದು. ನನಗೆ ನೆನಪಾಗುವುದು ರೈಫಲ್. ಆ ರೈಫಲ್‌ಗಳನ್ನು ಬಿಚ್ಚಿ ಜೋಡಿಸುತ್ತಿದ್ದ, ಹಣೆಯಲ್ಲಿ ಅಂಗಾರ ಅಕ್ಷತೆ ಇಟ್ಟುಕೊಂಡ ಒಬ್ಬ ಹಿರಿಯರು. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ಆರ್ಮರರ್ ಸಾರ್ ಎನ್ನುತ್ತಿದ್ದರು. ನಾನೊಬ್ಬಳೇ ಮಾಮಾ ಎನ್ನುತ್ತಿದ್ದೆ.

ಆಗ ನನಗೆ ಹದಿನೇಳು. ಅಪ್ಪನಿಗೆ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಶಾಲೆಯ ಎನ್‌ಸಿಸಿಯಲ್ಲಿ ಗುರಿ ಚೆನ್ನಾಗಿದೆ ಎಂದು ಯಾರೋ ಹೊಗಳಿದ್ದೇ ತಡ, ಊರಾಚೆಯ ಒಂದು ರೈಫಲ್ ಕ್ಲಬ್ಬಿಗೆ ಸೇರಿಕೊಂಡಿದ್ದೆ. ಸೇರಿದ ಮೊದಲ ವಾರವೇ ಒಂದು ರೈಫಲ್‌ನ ಬೋಲ್ಟ್ ಸಿಕ್ಕಿಕೊಂಡು ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ಕೂತಾಗ, "ಥೂ, ಇದರ ಮನೆ ಹಾಳಾಗ" ಎಂದೆ, ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಿಂದ.

"ಅದರ ಮನೆ ನಾನೇಮ್ಮಾ ನೋಡ್ಕೊಳ್ಳೋದು. ಯಾಕೆ ಹಾಳಾಗ್ಬೇಕು?" ಎಂದು ಹಿಂದಿನಿಂದ ದನಿ ಬಂತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಕ್ಕು, ಪಕ್ಕದಲ್ಲಿ ಮಂಡಿಯೂರಿ ಕೂತು, ಎರಡು ಬೆರಳಿನಲ್ಲಿ ಆ ಬೋಲ್ಟನ್ನು ಹಗುರವಾಗಿ ಎತ್ತಿ ಬಿಡಿಸಿದರು. ಅವರ ಮನೆತನ ನಾಲ್ಕು ತಲೆಮಾರಿನಿಂದ ಮದ್ರಾಸಿನದು. ಕನ್ನಡ ಮಾತಾಡಿದರೆ ಅರ್ಧ ತಮಿಳು ಕೇಳಿಸುತ್ತಿತ್ತು. ಯಾವುದೋ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಮೇಲೆ ಈ ಕ್ಲಬ್ಬಿಗೆ ಬಂದವರು. ಮಾಧವರಂನಿಂದ ಎರಡು ಬಸ್ಸು ಬದಲಾಯಿಸಿ, ನಮಗಿಂತ ಮೊದಲೇ ಬಂದು, ವರ್ಕ್‌ಶಾಪ್ ಎಂದು ಕರೆಯುವ ಆ ತಗಡಿನ ಕೋಣೆಯ ಬೀಗ ತೆಗೆದಿರುತ್ತಿದ್ದರು.

ಅವರ ಕೈಯ ಬಗ್ಗೆ ಹೇಳಲೇಬೇಕು. ಕಾಫಿ ಲೋಟ ಹಿಡಿದರೆ ಅದು ನಡುಗುತ್ತಿತ್ತು. ಎರಡು ತೊಟ್ಟು ಪಂಚೆಯ ಮೇಲೆ ಚೆಲ್ಲದೆ ಅವರು ಕಾಫಿ ಕುಡಿದದ್ದನ್ನು ನಾನು ನೋಡಿಲ್ಲ. ಅದೇ ಕೈಗೆ ಸ್ಕ್ರೂಡ್ರೈವರ್ ಬಂತೆಂದರೆ ನಡುಕ ಎಲ್ಲಿಗೆ ಹೋಗುತ್ತಿತ್ತೋ... ಒಂದು ಕೂದಲಷ್ಟೂ ಅಲುಗುತ್ತಿರಲಿಲ್ಲ. ಅದನ್ನು ನಾನು ನೂರು ಸಲ ಕಣ್ಣಾರೆ ಕಂಡಿದ್ದೆ. ಕಂಡಿದ್ದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕ್ಲಬ್ಬಿನಲ್ಲಿ ಐವತ್ತು ಮೀಟರಿಗೆ ಹೊಡೆಯಲು ಯೋಗ್ಯವಾದ ರೈಫಲ್‌ಗಳು ಎರಡೇ. ಎರಡೂ ಬೋಲ್ಟ್ ಆಕ್ಷನ್. ಎಂದರೆ, ಬಾಗಿಲ ಚಿಲಕದ ಹಾಗೆ ಉಕ್ಕಿನ ಬೋಲ್ಟನ್ನು ಹಿಂದಕ್ಕೆಳೆದು, ಒಂದು ತೋಟಾ ಇಟ್ಟು, ಮುಂದಕ್ಕೆ ತಳ್ಳಿ, ಹಿಡಿಯನ್ನು ಕೆಳಕ್ಕೆ ಮಡಚಿದರೆ ಬೀಗ ಬೀಳುತ್ತದೆ. ಹಳೆಯ ರೈಫಲ್‌ನ ಬೋಲ್ಟಿಗೆ ಹಿಂಬದಿಯಲ್ಲಿ, ಕಚ್ಚಿ ಬೀಗ ಹಿಡಿಯುವ ಎರಡು ಹಲ್ಲು. ವಿದೇಶದಿಂದ ತರಿಸಿದ ಹೊಸದಕ್ಕೆ ಮೂರು. ರಾಜ್ಯದ ಜೂನಿಯರ್ ತಂಡದ ಸೆಲೆಕ್ಷನ್ ಹತ್ತಿರ ಬರುತ್ತಿತ್ತು. ಅದರಲ್ಲಿ ಆಯ್ಕೆಯಾದರೆ ಸ್ಪೋರ್ಟ್ಸ್ ಕೋಟಾದಲ್ಲಿ ನನಗೆ ಕಾಲೇಜು ಸೀಟು. ನನಗೆ ಹೊಸ ರೈಫಲ್ ಬೇಕು ಎಂದು ಮಾಮಾ ಮುಂದೆ ಹಟ ಹಿಡಿದೆ.

"ಹೊಸದಕ್ಕೆ ಮೂರು ಹಲ್ಲು ಮಾಮಾ, ಅದರ ಆಕ್ಷನ್ ಗಟ್ಟಿ. ನೆಟ್‌ನಲ್ಲಿ ಎಲ್ಲಾರೂ ಅದೇ ಹೇಳ್ತಾರೆ."

"ನೆಟ್‌ನಲ್ಲಿ ಇರೋರು ನಮ್ಮ ರೈಫಲ್ ಹೊಡ್ದು ನೋಡಿದ್ದಾರಾ? ಇಲ್ಲೆ ಅಲ್ವಾ? ಕೊಂಜ ಇರು. ರೈಫಲನ್ನೇ ಕೇಳೋಣ."

ಕೇಳಲು ಅವರು ಎರಡು ವಾರ ತೆಗೆದುಕೊಂಡರು. ಬಿಸಿಲೇರುವ ಮೊದಲು, ಗಾಳಿ ಏಳುವ ಮೊದಲು, ಎರಡೂ ರೈಫಲ್‌ಗಳನ್ನು ಒಂದೇ ಬೆಂಚಿನ ಮೇಲೆ ಇಕ್ಕಳದಲ್ಲಿ ಬಿಗಿದು, ಒಂದೇ ಪೆಟ್ಟಿಗೆಯ ತೋಟಾಗಳಿಂದ ಇದರಲ್ಲಿ ಹತ್ತು, ಅದರಲ್ಲಿ ಹತ್ತು. ನನಗೆ ಮುಟ್ಟಲು ಬಿಡಲಿಲ್ಲ. ನಿನ್ನ ಉಸಿರಾಟ ನಡುವೆ ಬರೋದು ಬೇಡ ಎನ್ನುತ್ತಿದ್ದರು. ನನ್ನ ಕೆಲಸ ಓಡಿಹೋಗಿ ಗುಂಡು ಬಿದ್ದ ಗುರಿಯ ಕಾರ್ಡು ತರುವುದು. ಮೊದಲ ದಿನಗಳಲ್ಲಿ ನಾನು ಹೇಳಿದ್ದೇ ಸರಿಯಾಯಿತು. ಹೊಸದರ ಹತ್ತು ತೂತುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದವು, ಹಳೆಯದರವು ಆಚೆ ಇಣುಕುತ್ತಿದ್ದವು. ನಾನು ಬೀಗುತ್ತಾ ಓಡಾಡಿದೆ.

ಮಾಮಾ ಹಳೆಯದರ ಬೋಲ್ಟ್ ಹೊರಗೆಳೆದು, ಅದರ ಹಲ್ಲುಗಳಿಗೆ ಕಾಡಿಗೆ ಹಚ್ಚಿದರು. ಅವರ ಹೆಂಡತಿ ಮಾಮಿಯ ಕಾಡಿಗೆ! ಒಳಗೆ ತಳ್ಳಿ, ನಾಲ್ಕು ಸಲ ಬೀಗ ಹಾಕಿ ತೆಗೆದು ನೋಡಿದರೆ ಒಂದು ಹಲ್ಲಿನ ಕಾಡಿಗೆ ಪೂರ್ತಿ ಅಳಿಸಿತ್ತು, ಇನ್ನೊಂದರದು ಹಚ್ಚಿದ ಹಾಗೇ ಇತ್ತು. ಭಾರವೆಲ್ಲ ಒಂದೇ ಹಲ್ಲಿನ ಮೇಲೆ. ಎಣ್ಣೆಗಲ್ಲಿನಿಂದ ಅದನ್ನು ಸವರುತ್ತಾ, ಕಾಡಿಗೆ ಹಚ್ಚುತ್ತಾ, ನೋಡುತ್ತಾ, ಮೂರು ದಿನ ಕಳೆದರು. ಆಮೇಲೆ ಆಕ್ಷನ್, ಎಂದರೆ ಬೋಲ್ಟ್ ಓಡಾಡುವ ಉಕ್ಕಿನ ಭಾಗ, ಕೂರುವ ಮರದ ಒಡಲಿನಲ್ಲಿ ಹಳೆಯ ಮೆತ್ತೆ ಕೆರೆದು, ಹೊಸದಾಗಿ ಅಂಟು ತುಂಬಿ, ಆಕ್ಷನ್ನನ್ನು ಅದರಲ್ಲಿ ಕೂರಿಸಿ ಎರಡು ದಿನ ಒಣಗಲು ಬಿಟ್ಟರು.

"ಹಲ್ಲು ಎಷ್ಟು ಅನ್ನೋದು ಲೆಕ್ಕ ಇಲ್ಲೆಮ್ಮಾ. ಇರೋ ಹಲ್ಲು ಪ್ರತಿ ಸಲ ಅದೇ ಜಾಗದಲ್ಲಿ ಸಮಕ್ಕೆ ಕಚ್ಚಬೇಕು. ಆಮೇಲೆ ಆಕ್ಷನ್ ತನ್ನ ಹಾಸಿಗೇಲಿ ಸುಮ್ನೆ ಮಲಗಿರ್ಬೇಕು. ಯಾರೂ ಅಮುಕಬಾರದು, ತಿರುಚಬಾರದು. ಸ್ಕ್ರೂ ಎಷ್ಟು ಬೇಕೋ ಅಷ್ಟೇ. ಬಿಗಿ ಅಂದ್ರೆ ಬಲ ಇಲ್ಲೆ, ಸೆರಿಯಾ?"

ಸರಿ ಎಂದೆ. ಕೊನೆಯ ದಿನ ಹಳೆಯದರ ಐದು ಕಾರ್ಡೂ ಹೊಸದಕ್ಕಿಂತ ಚಿಕ್ಕದಾಗಿ ಬಂದವು. ಒಂದು ಕಾರ್ಡಿನಲ್ಲಂತೂ ಹತ್ತೂ ಗುಂಡು ಒಂದೇ ಹರಕು ತೂತಾಗಿದ್ದವು. ಮಾಮಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನೇಲ್ ಪಾಲಿಶಿನ ಸೀಸೆ ತೆಗೆದು, ಆಕ್ಷನ್ನನ್ನು ಮರಕ್ಕೆ ಬಿಗಿಯುವ ಕೆಳಗಿನ ಎರಡು ಸ್ಕ್ರೂಗಳ ತಲೆಯಿಂದ ಪಕ್ಕದ ಲೋಹಕ್ಕೆ ಒಂದೊಂದು ಕೆಂಪು ಗೆರೆ ಎಳೆದರು. ಅದು ಅವರ ಪದ್ಧತಿ. ಯಾರಾದರೂ ಸ್ಕ್ರೂ ತಿರುಗಿಸಿದರೆ ಗೆರೆ ಮುರಿಯುತ್ತದೆ, ಒಂದು ನೋಟಕ್ಕೇ ಗೊತ್ತಾಗುತ್ತದೆ. ಮನೆ ಹತ್ತಿರದ ಫ್ಯಾನ್ಸಿ ಸ್ಟೋರಿನವನು ಪ್ರತಿ ಸಲ ಮಾಮಿಗಾ ಎಂದು ಕೇಳುತ್ತಾನೆ, ಇಲ್ಲಪ್ಪಾ ರೈಫಲ್‌ಗೆ ಅಂದರೆ ನನ್ನನ್ನೇ ಒಂಥರಾ ನೋಡ್ತಾನೆ ಎಂದು ನಗುತ್ತಿದ್ದರು. ಕ್ಲಬ್ಬಿನ ರೈಫಲ್‌ನ ಸ್ಕ್ರೂ ಮುಟ್ಟಿದವರಿಗೆ ಒಂದು ವರ್ಷ ರೈಫಲ್ ಕೊಡುವಂತಿಲ್ಲ ಎಂಬ ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಿದ್ದರು. ನಾನು ದಿನಾ ಅದರ ಕೆಳಗೇ ನಿಂತು ಶೂಟಿಂಗ್ ಕೋಟು ಹಾಕಿಕೊಳ್ಳುತ್ತಿದ್ದೆ.

ಸೆಲೆಕ್ಷನ್‌ಗೆ ಐದು ದಿನವಿತ್ತು. ಮಾಮಾ ತಮ್ಮ ತಂದೆಯ ಶ್ರಾದ್ಧಕ್ಕೆ ಎರಡು ದಿನ ರಜೆ ಹಾಕಿದ್ದರು. ಆ ಬೆಳಿಗ್ಗೆ, ಮಾಮಾ ನನಗೆಂದು ಸಿದ್ಧಪಡಿಸಿದ ಹಳೆಯ ರೈಫಲ್‌ನಿಂದ ಹೊಡೆದ ಎರಡು ಗುಂಡು ಕಾರ್ಡಿನ ಕಪ್ಪು ವೃತ್ತದಿಂದ ಆಚೆ ಹೋದವು. ತಪ್ಪು ನನ್ನದೇ, ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆದರೆ ಹದಿನೇಳರ ಹುಡುಗಿಗೆ ತನ್ನ ಮೇಲೆ ಅನುಮಾನ ಎಲ್ಲಿಂದ ಬರಬೇಕು? ಹಳೇ ರೈಫಲ್, ಎರಡೇ ಹಲ್ಲು, ಏನೋ ಸಡಿಲವಾಗಿದೆ ಅನ್ನಿಸಿತು. ಗುರಿ ನೋಡುವ ಸೈಟ್ ಸರಿಮಾಡಿಕೊಳ್ಳಲು ಇಟ್ಟುಕೊಂಡಿದ್ದ ಅಲೆನ್ ಕೀ ಬ್ಯಾಗಿನಲ್ಲಿತ್ತು. ಅತ್ತಿತ್ತ ನೋಡಿ ಹಿಂದಿನ ಸ್ಕ್ರೂವನ್ನು ಕಾಲು ಸುತ್ತು ಬಿಗಿದೆ. ಕೆಂಪು ಗೆರೆ ಮುರಿದದ್ದು ಕಾಣಿಸಿತು. ಬಣ್ಣ ತಾನೇ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಮುಂದಿನ ಹತ್ತು ಗುಂಡು ನಿಂಬೆಹಣ್ಣಿನಷ್ಟು ಅಗಲಕ್ಕೆ ಹರಡಿದವು. ಅದರ ಮುಂದಿನ ಹತ್ತೂ ಹಾಗೆಯೇ. ಆಗ ನಾನು ಮಾಡಬೇಕಾದದ್ದು ಒಂದೇ ಇತ್ತು, ಆ ಸ್ಕ್ರೂವನ್ನು ತಿರುಗಿ ಸಡಿಲಿಸುವುದು. ಆದರೆ ಅಷ್ಟರಲ್ಲಿ ಪಕ್ಕದವರು ನನ್ನ ಕಾರ್ಡು ನೋಡಿ ಲೊಚಗುಟ್ಟಿದ್ದರು. ನಾನು ಕಾರ್ಡುಗಳನ್ನು ಹಿಡಿದು ಕಾರ್ಯದರ್ಶಿಗಳ ಕೋಣೆಗೆ ಹೋದೆ. ಮಾಮಾ ರೈಫಲ್ ಬಿಚ್ಚಿ ಜೋಡಿಸಿದ ಮೇಲೆ ಹೀಗಾಗಿದೆ ಎಂದೆ. ಸ್ಕ್ರೂ ವಿಷಯ ಎತ್ತಲಿಲ್ಲ. ಅವರು ಯೋಚಿಸುತ್ತಾ ಕೂತದ್ದು ನೋಡಿ, ನಾನೇ ಮುಂದುವರಿದು ಇಂಗ್ಲಿಷಿನಲ್ಲಿ ಹೇಳಿದೆ: ಅವರ ಕೈ ನಡುಗುತ್ತೆ ಸಾರ್, ಕಾಫಿ ಲೋಟ ಹಿಡಿಯೋಕೂ ಆಗಲ್ಲ.

ಗೊತ್ತಿಲ್ಲದೆ ಹೇಳಿದೆ ಎಂದರೆ ಯಾರೂ ನಂಬಬೇಡಿ. ಅರ್ಧ ಗೊತ್ತಿತ್ತು. ಉಳಿದರ್ಧ ಗೊತ್ತುಮಾಡಿಕೊಳ್ಳಲು ಹೋಗಲಿಲ್ಲ.

ಕಾರ್ಯದರ್ಶಿಗಳು ತಾವೇ ಹತ್ತು ಗುಂಡು ಹೊಡೆದು ನೋಡಿದರು. ಸ್ಕ್ರೂ, ಗೆರೆ ಯಾವುದನ್ನೂ ಅವರು ನೋಡಲಿಲ್ಲ, ಕಾರ್ಡು ನೋಡಿದರು. ಸಾಕಾಯಿತು. ಶ್ರಾದ್ಧ ಮುಗಿಸಿ ಬಂದ ದಿನವೇ ಮಾಮಾ ಕೈಯಿಂದ ವರ್ಕ್‌ಶಾಪಿನ ಬೀಗದಕೈ ತೆಗೆದುಕೊಂಡರು. ವಯಸ್ಸಾಯಿತು, ವಿಶ್ರಾಂತಿ ತೆಗೆದುಕೊಳ್ಳಿ ಎಂದರಂತೆ. ರೈಫಲನ್ನು ಒಂದು ಸಲ ನೋಡ್ತೀನಿ ಎಂದು ಅವರು ಕೇಳಿದರಂತೆ. ಬೇಡ ಎಂದರಂತೆ. ನಾನು ಚಾಪೆಯ ಮೇಲೆ ಮಲಗಿ ಹೊಸ ರೈಫಲ್‌ನಿಂದ ಗುರಿ ಹಿಡಿದಿದ್ದೆ. ಊಟದ ಚೀಲ ಹಿಡಿದು ಅವರು ಗೇಟಿನ ಕಡೆ ನಡೆದು ಹೋದದ್ದು ಓರೆಗಣ್ಣಿಗೆ ಕಾಣಿಸಿತು. ತಲೆ ಎತ್ತಲಿಲ್ಲ.

ಹೊಸ ರೈಫಲ್‌ನಿಂದ ನಾನು ಆಯ್ಕೆಯಾದೆ. ಅಪ್ಪ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದರು.

ಮೂರು ವಾರದ ನಂತರ, ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ, ಮೂಲೆಯಲ್ಲಿ ನಿಲ್ಲಿಸಿದ್ದ ಹಳೆಯ ರೈಫಲ್ ತೆಗೆದು ತಿರುಗಿಸಿ ನೋಡಿದೆ. ಗೆರೆಯ ಎರಡು ತುಂಡುಗಳು ಕಾಲು ಸುತ್ತು ದೂರದಲ್ಲಿ ಹಾಗೇ ನಿಂತಿದ್ದವು. ಅಲೆನ್ ಕೀ ಹಾಕಿ ಹಿಂದಕ್ಕೆ ತಿರುಗಿಸಿ ಗೆರೆಯನ್ನು ಕೂಡಿಸಿದೆ. ಬೆಂಚಿನ ಮೇಲಿಟ್ಟು ಹತ್ತು ಹೊಡೆದೆ. ಹೋಗಿ ಕಾರ್ಡು ನೋಡಿದರೆ ಹತ್ತೂ ಒಂದೇ ನಾಣ್ಯದೊಳಗೆ... ಅಲ್ಲೇ ಮರಳು ದಿಬ್ಬದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ. ಇನ್ನು ಅರ್ಧ ಗೊತ್ತು ಎನ್ನಲೂ ಜಾಗವಿರಲಿಲ್ಲ. ಅದರ ಮರುವಾರ ರೈಫಲ್ ಮತ್ತೆ ಚೆನ್ನಾಗಿ ಹೊಡೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಾಗಿ, ಹೊಸದಾಗಿ ಬಂದ ಆರ್ಮರರ್‌ನ ಬೆನ್ನು ತಟ್ಟಿದರು. ಅವನೂ ತಟ್ಟಿಸಿಕೊಂಡ.

ಆ ಭಾನುವಾರ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿ ಮಾಧವರಂಗೆ ಹೋದೆ. ಹಾಲಿನ ಡೈರಿ ದಾಟಿ, ಎರಡು ಕಡೆ ದಾರಿ ಕೇಳಿ ಮನೆ ಕಂಡುಹಿಡಿದೆ. ಮಾಮಾ ಬಾಗಿಲು ತೆಗೆದವರು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಒಳಗೆ ತಿರುಗಿ, "ಯಾರು ಬಂದಿದ್ದಾರೆ ನೋಡೇ! ನಮ್ಮ ಹುಡುಗಿ!" ಎಂದು ಕೂಗಿದರು. ಮಾಮಿ ಕಾಫಿ ಕೊಟ್ಟು, ಇವರು ದಿನಾ ನಿನ್ನ ವಿಷಯವೇ ಮಾತಾಡೋದು ಎಂದು ಹೇಳಿ ಒಳಗೆ ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಒಂದೇ ಒಂದು ಕೇಳ್ತೀನಿ. ನೀನು ಮಾತ್ರಾ ನಿಜ ಹೇಳ್ತೀ. ಅವತ್ತು ಹೊಡೆಯೋವಾಗ ನನ್ನ ಗೆರೆ ನೇರ ಇತ್ತಾಮ್ಮಾ?"

ಮಗುವಿಗೂ ಅರ್ಥವಾಗುವ ಪ್ರಶ್ನೆ. ಗೆರೆ ಮುರಿದಿದ್ದರೆ ಬೇರೆ ಯಾರೋ ಸ್ಕ್ರೂ ಮುಟ್ಟಿದ್ದಾರೆ, ಅವರ ಕೆಲಸದಲ್ಲಿ ತಪ್ಪಿಲ್ಲ. ನೇರವಾಗಿದ್ದರೆ ತಪ್ಪು ಅವರ ಕೈಯದು. ಒಂದು ತಿಂಗಳಿನಿಂದ ಆ ಮನುಷ್ಯ ಇದೊಂದನ್ನೇ ತಿಳಿಯಬೇಕೆಂದು ಕಾಯುತ್ತಿದ್ದರು. ನನ್ನ ಕಣ್ಣ ಮುಂದೆ ಗೋಡೆಯ ಮೇಲಿನ ನಿಯಮ ಬಂತು. ಸರ್ಟಿಫಿಕೇಟ್ ಬಂತು, ಕಾಲೇಜು ಬಂತು, ಅಪ್ಪನ ಮುಖ ಬಂತು. ನನಗೆ ಭಯವಾಯಿತು. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ.

"ನೇರವಾಗೇ ಇತ್ತು ಮಾಮಾ," ಎಂದೆ.

ಅವರು ತೊಡೆಯ ಮೇಲಿದ್ದ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಹಂಗಂದ್ರೆ ಕೈ ಹೋಯ್ತು, ಬಿಡು," ಎಂದರು. ಆಮೇಲೆ... ಇದನ್ನು ಬರೆಯುವುದು ಕಷ್ಟ. ಅವರು ನನ್ನ ಕಡೆ ತಿರುಗಿ, "ನನ್ನಿಂದ ನಿನ್ನ ಸೆಲೆಕ್ಷನ್ ಹೋಗ್ಬಿಡ್ತಿತ್ತಲ್ಲಮ್ಮಾ. ಪೆರುಮಾಳ್ ಕಾಪಾಡಿದ. ನನ್ನ ಮನ್ನಿಸ್ಬಿಡು," ಎಂದರು. ನಾನು ಪರವಾಗಿಲ್ಲ ಮಾಮಾ ಎಂದೆ. ಹೌದು, ಹಾಗೇ ಅಂದೆ. ಅವರನ್ನು ಕ್ಷಮಿಸಿ, ಕಾಫಿ ಮುಗಿಸಿ, ಬಸ್ಸು ಹತ್ತಿದೆ.

ಆಮೇಲಿನದು ಬೇಗ ಹೇಳುತ್ತೇನೆ. ಸೀಟು ಸಿಕ್ಕಿತು. ಎರಡು ವರ್ಷದಲ್ಲಿ ಶೂಟಿಂಗ್ ಬಿಟ್ಟೆ. ಪರೀಕ್ಷೆ ಮುಗಿಯಲಿ, ಕೆಲಸ ಸಿಗಲಿ, ಮದುವೆಯಾಗಲಿ, ಆಮೇಲೆ ಹೋಗಿ ಹೇಳುತ್ತೇನೆ ಎಂದುಕೊಳ್ಳುತ್ತಾ ದಿನ ತಳ್ಳಿದೆ. ಮಗಳು ಹುಟ್ಟಿದ ವರ್ಷ ಕ್ಲಬ್ಬಿನ ಹಳೆಯ ಗೆಳತಿಯೊಬ್ಬಳು ಫೋನಿಗೆ ಎರಡು ಸಾಲು ಕಳಿಸಿದಳು, ಆರ್ಮರರ್ ಸಾರ್ ಹೋಗಿಬಿಟ್ಟರು ಎಂದು. ಮಗುವಿಗೆ ಹಾಲು ಕುಡಿಸುತ್ತಾ ಓದಿದೆ. ಬಾಣಂತಿ, ಸಾವಿನ ಮನೆಗೆ ಹೋಗುವ ಹಾಗಿಲ್ಲ ಎಂದು ಅಮ್ಮ ಅಂದಾಗ ನನಗೆ ಎಷ್ಟು ನಿರಾಳವಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಬಾಲ್ಕನಿಯಲ್ಲಿ ಆ ವಾಸನೆ ಬಂದ ಮರುದಿನವೇ ಆಫೀಸಿಗೆ ರಜೆ ಹಾಕಿ ಮಾಧವರಂಗೆ ಹೋದೆ. ಮಾಮಿ ಅದೇ ಮನೆಯಲ್ಲಿದ್ದಾರೆ. ಕೆಳಗಿನ ಭಾಗದಲ್ಲಿ ಅವರು, ಮೇಲೆ ಮಗಳ ಸಂಸಾರ. "ಉಳ್ಳೆ ಬಾಮ್ಮಾ, ಎಷ್ಟು ವರ್ಷ ಆಯ್ತು" ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿದರು. ನಾನು ಪೀಠಿಕೆ ಹಾಕಲಿಲ್ಲ. ಸ್ಕ್ರೂ, ಗೆರೆ, ಕಾರ್ಯದರ್ಶಿಗಳ ಕೋಣೆಯಲ್ಲಿ ಆಡಿದ ಮಾತು, ಇದೇ ಕೋಣೆಯಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ಕಾದೆ. ಬೈದರೆ ಚೆನ್ನಾಗಿರುತ್ತಿತ್ತು.

ಮಾಮಿ ಬೈಯಲಿಲ್ಲ.

"ನೀ ಬಂದ್ಹೋದ ಮೇಲೆ ಅವರು ಒಂದು ಸ್ಕ್ರೂ ಮುಟ್ಟಲಿಲ್ಲಮ್ಮಾ," ಎಂದರು. "ಮಿಕ್ಸಿ ಕೆಟ್ರೂ ಆಳ್ ಕರೀತಿದ್ರು. ಅದು ಹೋಗ್ಲಿ. ಮನೇಲಿ ಸಾಲಿಗ್ರಾಮ ಇತ್ತು, ಅವರ ತಾತನ ಕಾಲದ್ದು. ದಿನಾ ಅಭಿಷೇಕ ಮಾಡ್ತಿದ್ರು. ಒಂದಿನ ಎಲ್ಲಾ ತಗೊಂಡ್ಹೋಗಿ ತಮ್ಮನ ಮನೇಲಿ ಕೊಟ್ಟು ಬಂದ್ರು. ಯಾಕೆ ಅಂದ್ರೆ, ಈ ಕೈ ನಂಬೋ ಹಾಗಿಲ್ಲೆ, ಕೆಳಗೆ ಬಿದ್ರೆ ಏನು ಮಾಡ್ಲಿ ಅಂದ್ರು. ನಾ ಎಷ್ಟೋ ಹೇಳ್ದೆ, ಏನೂ ಆಗಲ್ಲ, ನೀವೇ ಮಾಡಿ ಅಂತ. ಕೇಳ್ಲಿಲ್ಲ. ಹೋಗೋ ತನಕ ದೇವರ ಮನೆ ಹೊಸ್ತಿಲಾಚೆ ನಿಂತು ಕೈ ಮುಗೀತಿದ್ರು, ಅಷ್ಟೇ."

ನನಗೆ ಕಣ್ಣೀರು ಬರಲಿಲ್ಲ. ಸರ್ಟಿಫಿಕೇಟಿಗೆ, ಸೀಟಿಗೆ ಹೆದರಿ ಹೇಳಿದ ಒಂದು ಮಾತು ಆ ಮನುಷ್ಯನನ್ನು ಅವರ ದೇವರ ಮನೆಯಿಂದಲೇ ಆಚೆ ನಿಲ್ಲಿಸಿತ್ತು. ಇಷ್ಟು ವರ್ಷ ನಾನು ಅವರ ಕೆಲಸ ಕಿತ್ತುಕೊಂಡೆ ಎಂದಷ್ಟೇ ತಿಳಿದು ಕೊರಗುತ್ತಿದ್ದೆ.

"ತಪ್ಪಾಯ್ತು ಮಾಮಿ," ಎಂದೆ.

"ನನಗ್ಯಾಕೆ ಹೇಳ್ತೀ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಗೋಡೆಯ ಕಡೆ ಕೈ ತೋರಿಸಿದರು. "ಕೇಳಿದ್ದು ಅವರು. ಅವರಿಗೇ ಹೇಳು."

ಗೋಡೆಯ ಮೇಲೆ ಫೋಟೋ ಇತ್ತು. ಯಾವುದೋ ಮದುವೆಯಲ್ಲಿ ತೆಗೆದದ್ದು, ನಗು ಬಂದೂ ಬಾರದ ಹಾಗೆ. ನಾನು ಎದ್ದು ಅದರ ಮುಂದೆ ನಿಂತೆ. ಎರಡು ಸಲ ಬಾಯಿ ತೆರೆದೆ. ಮೂರನೆಯ ಸಲ, ಗೆರೆ ಮುರಿದಿತ್ತು ಮಾಮಾ, ನಾನೇ ತಿರುಗಿಸಿದ್ದು, ನಿಮ್ಮ ಕೈ ಚೆನ್ನಾಗಿತ್ತು ಎಂದು ಗಂಟಲಲ್ಲೇ ಗೊಣಗಿದೆ.

"ಜೋರಾಗಿ ಹೇಳಮ್ಮಾ," ಎಂದರು ಮಾಮಿ ಹಿಂದಿನಿಂದ. "ಆ ಗುಂಡಿನ ಸದ್ದಲ್ಲೇ ಇದ್ದೂ ಇದ್ದೂ ಅವರಿಗೆ ಕಿವಿ ಮಂದ."

ಜೋರಾಗಿ ಹೇಳಿದೆ. ಮಾಮಿಗೆ ಕೇಳಿಸಿತು. ಮೇಲಿನ ಮನೆಯವರಿಗೂ ಕೇಳಿಸಿತೇನೋ, ಯಾರೋ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತರು. ಆ ಪ್ರಶ್ನೆ ಕೇಳಿದವರಿಗೆ ಮಾತ್ರ ಕೇಳಿಸಲಿಲ್ಲ.